ಪಕ್ಕದ ಸೀಟಿನ ಓದುಗ

ಪುಸ್ತಕ ಹಿಡಿದವರನ್ನೆಲ್ಲ ಓದುಗರೆಂದು ನಂಬಬೇಡಿ. ನಾನು ಪುಸ್ತಕ ತೆರೆಯುವುದು ಅರ್ಧ ಓದಲು, ಇನ್ನರ್ಧ ಕನಸು ಕಾಣಲು. ಗ್ರಾಂಟ್ ರೋಡಿನ ಹೋಟೆಲೊಂದರ ಮ್ಯಾನೇಜರನಾದ ನನಗೆ ಕುರ್ಲಾದಿಂದ ದಾದರಿನವರೆಗಿನ ನಸುಕಿನ ಲೋಕಲ್ ರೈಲೇ ಓದುವ ಕೋಣೆ. ಆಮೇಲೆ ಇಡೀ ದಿನ ಇಡ್ಲಿ ಬೆಂದಿತೇ, ಸಾಂಬಾರಿಗೆ ಉಪ್ಪು ಬಿತ್ತೇ ಎಂಬ ಚಿಂತೆ. ಕಿಟಕಿಯ ಗಾಳಿಗೆ ಪುಟ ಅಲ್ಲಾಡುತ್ತದೆ, ಹಳೆಯ ಕಾಗದದ ವಾಸನೆ ಬರುತ್ತದೆ. ಸಾಯನ್ ಸ್ಟೇಷನ್ ದಾಟುವಷ್ಟರಲ್ಲಿ ಕಾದಂಬರಿ ಯಾವುದು, ನನ್ನ ಕನಸು ಯಾವುದು ಎಂದೇ ತಿಳಿಯುವುದಿಲ್ಲ.

ಒಂದು ದಿನ ಹೀಗೇ ಪುಟ ತಿರುವಲು ಹೋದಾಗ ಪಕ್ಕದಿಂದ ದನಿ ಬಂತು: "ತಡೀರಿ ಶೆಟ್ರ, ಎರಡು ಸಾಲು ಉಳದಾವ." ದಿನವೂ ಅದೇ ಡಬ್ಬಿಯಲ್ಲಿ ಬರುವ ಗದಗದ ಕಡೆಯ ಬಸಪ್ಪ, ಗೌಂಡಿ ಕೆಲಸದವನು, ನನ್ನ ಭುಜದ ಮೇಲಿಂದ ಎಷ್ಟು ದಿನದಿಂದ ಓದುತ್ತಿದ್ದನೋ. ನಾನು ಶೆಟ್ಟಿಯಲ್ಲ. ಆದರೆ ಮುಂಬಯಿಯಲ್ಲಿ ಹೋಟೆಲಿನವರೆಲ್ಲ ಶೆಟ್ಟರೇ ಆದ್ದರಿಂದ ತಿದ್ದಲು ಹೋಗಲಿಲ್ಲ. ಅಂದಿನಿಂದ ಅವನು ತಲೆಯಾಡಿಸಿದ ಮೇಲೆಯೇ ಪುಟ ತಿರುವುವುದು ರೂಢಿಯಾಯಿತು. ಅಷ್ಟು ಹೊತ್ತು ಕಣ್ಣು ಮುಚ್ಚಲು ನನಗೂ ಒಂದು ನೆಪ.

ಕಾದಂಬರಿ ಅರ್ಧವಾಗಿತ್ತು, ನಾಯಕಿ ಗಂಟು ಕಟ್ಟಿಕೊಂಡು ಹೊಸಿಲಲ್ಲಿ ನಿಂತಿದ್ದಳು. ಆಗಲೇ ಮಗಳು ನನ್ನ ಚೀಲ ಎತ್ತಿ ನೋಡಿ, "ಪಪ್ಪಾ, ಕಿತ್ನಾ ಭಾರೀ ಹೈ. ಎಲ್ಲಾ ಬುಕ್ಸ್ ಮೊಬೈಲ್‌ನಲ್ಲೇ ಸಿಗ್ತದೆ, ದೇಖೋ" ಎಂದು ಒಂದು ಕಪಾಟು ಪುಸ್ತಕ ನನ್ನ ಜೇಬಿಗೆ ತುಂಬಿಬಿಟ್ಟಳು. ಅಕ್ಷರ ಬೇಕಾದಷ್ಟು ದೊಡ್ಡದಾಗುತ್ತಿತ್ತು. ಕನ್ನಡಕವೂ ಬೇಡ. ನಾನು ಹಿಗ್ಗಿಹೋದೆ.

ಬಸಪ್ಪ ಹಿಗ್ಗಲಿಲ್ಲ. ಅವನ ಓದು ನಿಧಾನ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಮೊಬೈಲಿನ ತೆರೆ ಆರುತ್ತಿತ್ತು. ನಾಲ್ಕು ದಿನ ಕತ್ತು ಚಾಚಿ ಸೋತು, "ಆಕಿ ಮನಿ ಬಿಟ್ಟು ಹ್ವಾದಳೇನ್ರಿ?" ಎಂದು ಕೇಳಿದ. ಹೇಳಲು ಬಾಯಿ ತೆರೆದರೆ ತಡೆದ. "ಹೇಳಬ್ಯಾಡ್ರಿ. ನಾನ ಓದಬೇಕು." ನನಗೆ ನಿಜಕ್ಕೂ ನಾಚಿಕೆಯಾಯಿತು. ನಾಯಕಿಯನ್ನು ಹೊಸಿಲಲ್ಲೇ ನಿಲ್ಲಿಸಿ ಅವನನ್ನು ಕಾಯಿಸಿದ ಪಾಪ ನನ್ನದು.

ಮರುದಿನ ಕಾಗದದ ಪುಸ್ತಕವನ್ನೇ ತಂದು ಅವನ ಕೈಗಿಟ್ಟೆ. ಈಗ ಕಿಟಕಿಯ ಬಳಿ ಅವನು ಪುಸ್ತಕ ಹಿಡಿದು ಕೂರುತ್ತಾನೆ, ಪಕ್ಕದಲ್ಲಿ ನಾನು ಮೊಬೈಲ್ ಹಿಡಿದು. ಅದೇ ಕಥೆ ನನ್ನ ಅಂಗೈಯಲ್ಲೂ ಇದೆ. ಆದರೂ ಕತ್ತು ತಾನಾಗಿಯೇ ಆ ಕಡೆ ವಾಲುತ್ತದೆ. ನಿನ್ನೆ ಬಸಪ್ಪ ಪುಸ್ತಕದಿಂದ ಕಣ್ಣೆತ್ತದೆ, "ಮೊಬೈಲ ಒಳಗ ಇಡ್ರಿ ಶೆಟ್ರ, ಅದರ ಬೆಳಕು ಕಣ್ಣಿಗೆ ಹೊಡೀತೈತಿ" ಎಂದ. ಕಪಾಟನ್ನು ಜೇಬಿಗೆ ಇಳಿಸಿ, ನನ್ನದೇ ಪುಸ್ತಕದ ಪುಟವನ್ನು ಅವನು ಯಾವಾಗ ತಿರುವುತ್ತಾನೋ ಎಂದು ಕಾಯುತ್ತ ಕುಳಿತೆ.