ಮಾವನವರ ಲ್ಯಾಪ್‌ಟಾಪಿಗೆ ಹೊಸ ಸಿಸ್ಟಂ

ನಮ್ಮ ಮನೆಗೆ ಯಾವ ಹೊಸ ವಸ್ತು ಬಂದರೂ ಮೊದಲು ಅದು ನಮ್ಮನ್ನು ಪಳಗಿಸುತ್ತದೆ, ಆಮೇಲೆ ನಾವು ಅದನ್ನು. ವಾಷಿಂಗ್ ಮಷೀನ್ ಬಂದಾಗಲೂ ಹೀಗೇ ಆಗಿತ್ತು. ಈ ಸಲ ಮಾವನವರ ಲ್ಯಾಪ್‌ಟಾಪಿನ ಸರದಿ.

ನನ್ನ ನಾದಿನಿಗೆ ಹುಬ್ಬಳ್ಳಿಯ ಸಂಬಂಧವೊಂದು ಕೂಡಿಬಂದಿತ್ತು. ಹುಡುಗ, ಹುಡುಗಿ ಫೋನಿನಲ್ಲಿ ಮಾತಾಡಿ ಮೆಚ್ಚಿಕೊಂಡಾಗಿತ್ತು. ಹುಡುಗನ ಅಜ್ಜಿ ಒಪ್ಪುವುದೊಂದು ಬಾಕಿ. ಅವರಿಗೆ ನಮ್ಮಂಥ ಮದ್ರಾಸಿನವರೆಂದರೆ ಆಚಾರ ಬಿಟ್ಟವರೆಂಬ ಅನುಮಾನ. ಭಾನುವಾರ ವೀಡಿಯೋ ಕಾಲ್ ಎಂದು ನಿಶ್ಚಯವಾಯಿತು. "ಫೋನ್ ಬೇಡ, ನಾವೆಲ್ಲ ಒಟ್ಟಿಗೆ ಕಾಣ್ಬೇಕು" ಎಂದರು ಮಾವ. ಅವರ ಲ್ಯಾಪ್‌ಟಾಪಿನ ಹಳೇ ಸಿಸ್ಟಂ ವೀಡಿಯೋ ಕಾಲ್ ತೆರೆಯಲು ಒಲ್ಲದು. ಅಡ್ಯಾರಿನ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಸೊಸೆ ನಾನು. ಹೊಸದನ್ನು ಹಾಕುವ ಪುಣ್ಯ ನನ್ನ ಪಾಲಿಗೆ ಬಂತು.

ಹೊರಟ ಗಾಡಿ

ಶನಿವಾರ ಒಂಬತ್ತಕ್ಕೆ ರಾಹುಕಾಲ. ಅದಕ್ಕೆ ಮೊದಲೇ ಶುರುವಾಗಬೇಕೆಂದು ಮಾವ ಎಂಟೂವರೆಗೇ ನನ್ನಿಂದ ಕ್ಲಿಕ್ ಮಾಡಿಸಿದರು. ಅರ್ಧ ದಾರಿ ಹೋದ ಸಿಸ್ಟಂ ಸರಿಯಾಗಿ ಒಂಬತ್ತಕ್ಕೆ ತಾನಾಗಿ ಆಫ್ ಆಗಿ, ಮತ್ತೆ ಆನ್ ಆಯಿತು.

"ಅಯ್ಯೋ, ನಿಲ್ಲಿಸಮ್ಮಾ!"

"ಆಫ್ ಮಾಡಬೇಡಿ ಅಂತ ಬರೆದಿದೆ, ಮಾವ."

ರೈಲ್ವೆಯಲ್ಲಿ ದುಡಿದು ರಿಟೈರ್ ಆದ ಮಾವ ಕೈಕಟ್ಟಿ ನಿಂತರು. "ಲೇಟಾಗಿ ಹೊರಡೋ ಗಾಡಿ ಎಷ್ಟೋ ನೋಡಿದ್ದೀನಿ. ಹೊರಟ ಮೇಲೆ ವಾಪಸ್ ಬಂದು, ರಾಹುಕಾಲ ನೋಡಿ ಮತ್ತೆ ಹೊರಡೋ ಗಾಡಿ ಇದೇ ಮೊದಲು!"

ದುರ್ಬಲ

ಹೊಸ ಸಿಸ್ಟಂ ಹೊಸ ಪಾಸ್‌ವರ್ಡ್ ಕೇಳಿತು. ಮಾವ ಕುಲದೇವರ ಹೆಸರನ್ನು ಭಕ್ತಿಯಿಂದ ಒಂದೊಂದೇ ಅಕ್ಷರ ಒತ್ತಿದರು. 'ಇದು ದುರ್ಬಲವಾಗಿದೆ' ಎಂದು ಕೆಂಪಕ್ಷರ ಬಂತು. ಮುಂದೆ ಶ್ರೀ ಸೇರಿಸಿದರು. ಆಗಲೂ ದುರ್ಬಲ. ಅಂಕಿ, ಚಿಹ್ನೆ ಎಲ್ಲ ಬೇಕು ಎಂದೆ.

ಮಾವನಿಗೆ ಸಿಟ್ಟು ನೆತ್ತಿಗೇರಿತು. "ಏಳು ಬೆಟ್ಟದ ಮೇಲೆ ನಿಂತ ವೆಂಕಟರಮಣ ದುರ್ಬಲ, ಕೊನೇಲಿ ಒಂದು ನಂಬರ್ ಹಾಕಿದ್ರೆ ಬಲ ಬರುತ್ತಾ?"

ಡಬ್ಬಿಗಳು

ಮೊದಲು ಮೂಲೆಯಲ್ಲಿದ್ದ ಸ್ಟಾರ್ಟ್ ಬಟನ್ ಈಗ ನಡುವೆ ಬಂದು ಕೂತಿದೆ. ಮಾವ ಮಾತ್ರ ಖಾಲಿ ಮೂಲೆಯನ್ನೇ ಒತ್ತುತ್ತಿದ್ದರು. "ಚೆನ್ನಾಗಿದ್ದ ಜಾಗ ಯಾಕೆ ಬದಲಾಯಿಸ್ಬೇಕು? ಯಾರು ಕೇಳಿದ್ರು ಇವರನ್ನ?"

ಹುರುಳಿಕಾಯಿ ಹೆಚ್ಚುತ್ತಿದ್ದ ಅತ್ತೆ ತಲೆ ಎತ್ತಲೇ ಇಲ್ಲ. "ಹೋದ ತಿಂಗಳು ನನ್ನ ಸಾಂಬಾರು ಡಬ್ಬಿಗಳನ್ನೆಲ್ಲ ನೀವು ನೀಟಾಗಿ ಜೋಡಿಸಿಟ್ರಲ್ಲ, ನಾನೂ ಇದನ್ನೇ ಕೇಳ್ದೆ."

ಕೆಂಪು

ಭಾನುವಾರ ಹನ್ನೊಂದಕ್ಕೆ ಎಲ್ಲರೂ ಸೋಫಾದಲ್ಲಿ ಒತ್ತಿಕೊಂಡು ಕೂತೆವು. ಕಾಲ್ ಕೂಡಿತು. ಹುಬ್ಬಳ್ಳಿಯವರು ಚೆನ್ನಾಗಿ ಕಂಡರು, ನಟ್ಟನಡುವೆ ಅಜ್ಜಿ.

"ಹುಡುಗಿ ಎಲ್ಲಿದ್ದಾಳ್ರೀ? ಬರೇ ಕೆಂಪಗ ಕಾಣಲಿಕ್ಕತ್ತದ."

"ನಿನ್ನ ಹೊಸ ಸಿಸ್ಟಂ!" ಎಂದು ಮಾವ ನನ್ನನ್ನು ನೋಡಿದರು. ನಾನು ಸೆಟ್ಟಿಂಗ್ಸೆಲ್ಲ ತಿರುವಿ ಹಾಕಿದೆ. ಕೆಂಪು ಕೆಂಪಾಗಿಯೇ ಇತ್ತು. ನಾದಿನಿಯ ಕಣ್ಣಲ್ಲಿ ನೀರು ತುಂಬಿತು. ಅವಳನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಆಗ ಅತ್ತೆ ಮೆಲ್ಲಗೆ ಹೇಳಿದರು. "ಹೊಸದಲ್ವಾ ಅಂತ ಬೆಳಿಗ್ಗೆ ಪೂಜೆ ಮಾಡ್ದೆ. ಮೇಲ್ಗಡೆ ಸರಿಯಾಗಿ ಮಧ್ಯದಲ್ಲಿ ಪುಟ್ಟ ಚುಕ್ಕಿ ಇತ್ತು. ಅದೇ ಅದರ ಹಣೆ ಅಂತ ಕುಂಕುಮ ಇಟ್ಟೆ."

ಅದು ಕ್ಯಾಮೆರಾ! ನಾನು ಸೆರಗಿನಿಂದ ಒರೆಸಿದೆ. ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಜ್ಜಿ ನಾದಿನಿಯನ್ನು ಕಣ್ತುಂಬ ನೋಡಿದರು. "ಮಷೀನಿಗೂ ಕುಂಕುಮ ಹಚ್ಚೋ ಮನಿ. ನನಗ ಒಪ್ಪಿಗಿ ಅದರೀ."

ನಾವು ಉಸಿರು ಬಿಡುವಷ್ಟರಲ್ಲಿ ಅವರು ಮೊಮ್ಮಗನತ್ತ ತಿರುಗಿದರು. "ನಮ್ಮದಕ್ಕ ಹಚ್ಚೇ ಇಲ್ಲಲ್ಲೋ! ಕುಂಕುಮದ ಬಟ್ಟಲ ತಗೊಂಡ ಬಾ."

ದಪ್ಪ ಬೆರಳೊಂದು ನಮ್ಮ ಕಡೆಗೆ ಬಂತು. ಮದುವೆಯ ದಿನ ಗೊತ್ತುಮಾಡುವ ಮಾತನ್ನೆಲ್ಲ ನಾವು ಆ ಕೆಂಪು ಪರದೆಗೇ ಕೈಮುಗಿದುಕೊಂಡು ಆಡಿದೆವು.