ಎಪ್ಪತ್ತು ಕಾಯಿಯ ಚೀಲ

ನಮ್ಮ ಸೋದರಮಾವ ಮಿತಭಾಷಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅವರು ಮಿತಭಾಷಿಯಲ್ಲ, ಎಪ್ಪತ್ತುಭಾಷಿ! ಅವರ ಮೆಸೇಜಿನಲ್ಲಿ ಎಪ್ಪತ್ತೊಂದನೆಯ ಅಕ್ಷರ ಕಂಡವರು ಅರಸೀಕೆರೆ ತಾಲ್ಲೂಕಿನಲ್ಲೇ ಇಲ್ಲ.

ಇದು ಹುಟ್ಟುಗುಣವಲ್ಲ ಕಣ್ರೀ. ಕೊಬ್ಬರಿ ವ್ಯಾಪಾರದ ಮಾವ ಮೊದಲು ಧಾರಾಳವಾಗಿಯೇ ಮೆಸೇಜ್ ಕಳಿಸುತ್ತಿದ್ದರು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವುದು, ನೆತ್ತಿಯ ಮೇಲೆ ಮಾತ್ರ ಅಚ್ಚ ಕನ್ನಡದ ಒಂದು 'ಶ್ರೀ'. ಅಂಗಡಿ ಪುಸ್ತಕವಿರಲಿ, ಲಗ್ನಪತ್ರಿಕೆಯಿರಲಿ, 'ಶ್ರೀ' ಇಲ್ಲದೆ ಶುರು ಮಾಡಿದ ವಂಶವೇ ಅಲ್ಲ ಅದು!

ಒಮ್ಮೆ ಮೊಮ್ಮಗಳಿಗೆ ಜ್ವರ ಬಂದು ನಾಮಕರಣ ಮುಂದಕ್ಕೆ ಹೋಯಿತು. ಮಾವ ಬಿಕ್ಕೋಡಿನ ನೆಂಟರಿಗೆ ಅದೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರು: 'ಶ್ರೀ. ನಾಳೆ ನಾಮಕರಣಕ್ಕೆ ಎಲ್ಲರೂ ತಪ್ಪದೆ ಬನ್ನಿ ಅಂತ ಹೇಳಿದ್ವಲ್ಲ, ಅದು ಮುಂದಕ್ಕೆ ಹೋಗಿದೆ, ಬರಬೇಡಿ.' ಮೆಸೇಜು 'ಅದು' ಎನ್ನುವಲ್ಲಿಗೆ ತುಂಡಾಯಿತು. ಮೊದಲ ತುಂಡು ಬಿಕ್ಕೋಡು ಮುಟ್ಟಿತು, ಎರಡನೆಯದು ದಾರಿಯಲ್ಲೇ ನಿದ್ದೆ ಹೋಯಿತು. ಬೆಳಿಗ್ಗೆ ನೋಡಿದರೆ ಮನೆ ಮುಂದೆ ಜೀಪು ತುಂಬ ಜನ, ಎರಡು ಹಲಸಿನಹಣ್ಣು!

"ಅದು ಅಂತ ನಿಲ್ಸಿದ್ರಲ್ಲ, ಇನ್ನೂ ಕರೆಯೋಕೆ ಸಂಕೋಚ ಪಟ್ಕೊಂಡಿದೀರಿ ಅನ್ಕೊಂಡ್ವಿ" ಅಂದರು ನೆಂಟರು. ಅತ್ತೆ ಹನ್ನೊಂದು ಜನಕ್ಕೆ ಉಪ್ಪಿಟ್ಟು ತಿರುವಿದರು, ಮಾವನ ಕಡೆ ತಿರುಗಿಯೂ ನೋಡಲಿಲ್ಲ.

ಅವಮಾನ ಸಾಮಾನ್ಯವೇ? ಮಾವ ಮೂರು ದಿನ ಮೊಬೈಲ್ ಅಂಗಡಿಯವನ ತಲೆ ತಿಂದು ಗುಟ್ಟು ತಿಳಿದುಕೊಂಡರು. ಬೇಲೂರಿನಿಂದ ನಾನು ಹೋದಾಗ ನನ್ನನ್ನು ಕೂರಿಸಿಕೊಂಡು ಪಾಠ ಶುರು.

"ಚೀಲ ಒಂದೇ ಕಣೇ. ಇಂಗ್ಲಿಷ್ ಅಕ್ಷರ ಅಡಿಕೆ ಇದ್ದಂಗೆ, ನೂರರವತ್ತು ಹಿಡಿಸುತ್ತೆ. ಕನ್ನಡದ್ದು ತೆಂಗಿನಕಾಯಿ. ಎಪ್ಪತ್ತಕ್ಕೆ ಚೀಲದ ಬಾಯಿ ಕಟ್ಟಬೇಕು. ಹೆಚ್ಚಾದ್ರೆ ಇನ್ನೊಂದು ಚೀಲ."

"ನೀವು ಬರೆದಿದ್ದು ಇಂಗ್ಲಿಷ್ ಅಕ್ಷರವಲ್ವಾ ಮಾವ?"

"ಮೇಲೊಂದು ಶ್ರೀ ಇಟ್ಟಿದ್ನಲ್ಲ! ಅಡಿಕೆ ನಡುವೆ ಒಂದೇ ಒಂದು ಕಾಯಿ ಬಿದ್ರೆ ಮುಗೀತು, ಅಷ್ಟೂ ಅಡಿಕೆಗೆ ಕಾಯಿಯಷ್ಟೇ ಜಾಗ ಕೊಡ್ತಾರೆ. ಒತ್ತು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಜಾಗ. ಶ್ರೀ ಒಂದಕ್ಕೇ ನಾಲ್ಕು!"

"ಹಾಗಾದ್ರೆ ಶ್ರೀ ಬಿಟ್ಬಿಡಿ."

ಮಾವ ನನ್ನನ್ನು ನೋಡಿದ ನೋಟಕ್ಕೆ ಕೈಲಿದ್ದ ಕಾಫಿ ಆರಿಹೋಯಿತು. "ಅಡಿಕೆ ಸಹವಾಸವೇ ಬೇಡ. ಕಾಯಿಯವರು ನಾವು" ಅಂದರು. ಅಂದಿನಿಂದ ಪೂರಾ ಕನ್ನಡ, ಬೆರಳು ಮಡಿಸಿ ಮಡಿಸಿ ಎಣಿಸಿ, ಒಂದೇ ಚೀಲ.

ಮೆಸೇಜಿಗಷ್ಟೇ ಆಗಿದ್ದರೆ ಸೈ ಅನ್ನಬಹುದಿತ್ತು. ಬರಬರುತ್ತಾ ಬಾಯಿಮಾತಿಗೂ ಅದೇ ಅಳತೆ! ಅತ್ತೆ ಅರ್ಧ ಗಂಟೆ ಮಂಡಿನೋವಿನ ಕತೆ ಹೇಳಿದರೆ ಇವರದು "ಎಣ್ಣೆ ಹಚ್ಚು". ಕೊನೆಗೆ ಅತ್ತೆಗೆ ಅರವತ್ತು ತುಂಬಿದ ದಿನ, ಪಕ್ಕದ ರೂಮಿನಿಂದಲೇ ಮೆಸೇಜು ಬಂತು: 'ಶ್ರೀ. ಅರವತ್ತಾಯ್ತು. ಮೆಟ್ಟಿಲು ಹುಷಾರು.'

ಅತ್ತೆ ಬ್ಯಾಗು ಹಿಡಿದು ಗಂಡಸಿಯ ತವರಿಗೆ ಹೊರಟೇಬಿಟ್ಟರು. "ನೆಟ್ಟಗೆ ನಾಲ್ಕು ಮಾತು ಬರೆದು ಕರೀಲಿ, ಆಗ ಬತ್ತೀನಿ. ಇಲ್ದಿದ್ರೆ ಇಲ್ಲ" ಅಂತ ನನಗೆ ಫೋನಿನಲ್ಲಿ ಹೇಳಿದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಮಾವ ಎರಡು ದಿನ ಕೂತು ಬರೆದರು. ಐದು ಚೀಲ! ನನಗೂ ತೋರಿಸದೆ ಕಳಿಸಿ ಕಾದರು. ಒಂದು ದಿನ ಹೋಯಿತು, ಇನ್ನೊಂದು ದಿನವೂ ಹೋಯಿತು, ಉತ್ತರವಿಲ್ಲ. ಫೋನ್ ಮಾಡಿದರೆ ಅತ್ತೆ ಎತ್ತುವುದಿಲ್ಲ. ನಾನು ಹೋದಾಗ ಮಾವ ಅಟ್ಟದ ಕೆಳಗೆ ಕೂತು, ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯಾ ಅಂತ ಒಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಲೇ ಇದ್ದರು. "ಬರಲ್ವೇನೋ ಕಣೇ ಅವಳು" ಅಂದರು. ನನಗೆ ನಗು ಬರಲಿಲ್ಲ.

ನೇರ ಗಂಡಸಿಗೆ ಹೋದೆ. ಅತ್ತೆಯ ಮುಖವೂ ಊದಿತ್ತು. "ನಾಲ್ಕು ದಿನ ಆಯ್ತು, ಒಂದಕ್ಷರ ಇಲ್ಲ. ಅಷ್ಟು ಬೇಡವಾದ್ನಾ ನಾನು?"

ಅವರ ಹಳೆಯ ಬಟನ್ ಫೋನು ಇಸಕೊಂಡು ನೋಡಿದೆ. ಮೇಲ್ಗಡೆ ಲಕೋಟೆಯ ಗುರುತು ಪಿಳಿಪಿಳಿ ಅನ್ನುತ್ತಿತ್ತು. ಜಾಗ ಭರ್ತಿಯಾಗಿದೆ, ಹೊಸ ಮೆಸೇಜು ಒಳಗೆ ಬರಲಾರದೆ ಹೊರಗೇ ನಿಂತಿದೆ! ಭರ್ತಿ ಮಾಡಿದವರು ಯಾರು ಅಂತ ತೆರೆದರೆ, ಮೊದಲಿನಿಂದ ಕೊನೆವರೆಗೆ ಮಾವ ಒಬ್ಬರೇ. 'ಶ್ರೀ. ಬಸ್ ಸಿಕ್ತಾ.' 'ಶ್ರೀ. ಮೋಡ ಆಗಿದೆ, ಹಪ್ಪಳ ಒಳಗಿಡು.' 'ಶ್ರೀ. ಮಾತ್ರೆ ತಗೊಂಡ್ಯಾ.'

"ನಾಲ್ಕೈದು ಅಳಿಸಿದ್ರೆ ಹೊಸದು ಬರುತ್ತೆ ಅತ್ತೆ. ಐದು ಚೀಲ ಬರೆದಿದಾರೆ."

ಅತ್ತೆ ಫೋನು ಕಿತ್ತುಕೊಂಡರು. "ಯಾವುದನ್ನ ಅಳಿಸ್ತೀಯೇ?" ಒಂದೊಂದೇ ಒತ್ತುತ್ತಾ ಹೋದರು, ಒಂದನ್ನೂ ಅಳಿಸಲಿಲ್ಲ. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಬ್ಯಾಗಿಗೆ ಸೀರೆ ತುಂಬತೊಡಗಿದರು.

ಬಸ್ಸಿನಲ್ಲಿ ಕೂತ ಮೇಲೆ ತಾವೇ ಒಂದೊಂದೇ ಬಟನ್ ಒತ್ತಿ ಬರೆದು ನನಗೆ ತೋರಿಸಿದರು: 'ಶ್ರೀ. ಬತ್ತೀನಿ. ಅನ್ನಕ್ಕಿಡಿ.'

"ಎಪ್ಪತ್ತರೊಳಗೆ ಐತೇನೇ?"

ಬೆರಳು ಮಡಿಸಿ ಎಣಿಸಿದೆ. "ಇಪ್ಪತ್ತಾರು ಅತ್ತೆ. ಇನ್ನೂ ನಲವತ್ನಾಲ್ಕು ಜಾಗ ಐತೆ."

"ಇರ್ಲಿ ಬಿಡು" ಅಂದರು ಅತ್ತೆ. "ಮಿಕ್ಕಿದ್ದು ಹೋಗಿ ಹೇಳ್ತೀನಿ."