ಅವ್ವನ ಮಣಿಕಟ್ಟೂ ಕೆಲವು ದುಬಾರಿ ಸಾಮಾನುಗಳೂ

ಇದೆಲ್ಲ ನಡೆದದ್ದು ಹೋದ ವರ್ಷ, ಯುಗಾದಿ ಮುಗಿದ ಮೇಲೆ, ದೀಪಾವಳಿಗೆ ಮುಂಚೆ. ಅಡುಗೆಮನೆಗೆ ಹೊಸ ಸಾಮಾನು ಬಂದ ಕಡೆಯೆಲ್ಲ ಇಂಥದ್ದು ನಡೆಯುತ್ತಲೇ ಇರುತ್ತದೆ. ನಮ್ಮ ಕಡೆ ಸ್ವಲ್ಪ ಹೆಚ್ಚು ನಡೆಯಿತು.

ಮಸ್ಕಿಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಬಡಿಯುವುದು ಅವ್ವ, ಹಂಚಿನ ಮೇಲೆ ಸುಡುವುದು ಎದುರುಮನೆಯ ಅಕ್ಕ. ಖಾನಾವಳಿಗಳಿಗೂ ಓಣಿಯ ಜನಕ್ಕೂ ಇಲ್ಲಿಂದಲೇ ರೊಟ್ಟಿ ಹೋಗುತ್ತದೆ. ನಾನು ಬಿ.ಎಸ್ಸಿ. ಮುಗಿಸಿ ಸಿಂಧನೂರಿನ ಒಂದು ರೈಸ್ ಮಿಲ್ಲಿನ ಲ್ಯಾಬಿನಲ್ಲಿದ್ದೇನೆ. ಭತ್ತದ ತೇವಾಂಶ ನೋಡುವುದು, ಅಕ್ಕಿಯಲ್ಲಿ ನುಚ್ಚೆಷ್ಟು ಎಂದು ಹೇಳುವುದು ನನ್ನ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ.

ಯುಗಾದಿಯ ಆಸುಪಾಸಿನಲ್ಲಿ ಅವ್ವನ ಬಲಗೈ ಮಣಿಕಟ್ಟು ಊದಿಕೊಂಡಿತು. ಡಾಕ್ಟರು ನೋಡಿ, ಬಡಿಯುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಮುಂದೆ ಚಮಚ ಹಿಡಿಯುವುದೂ ಕಷ್ಟ ಎಂದರು. ಅವ್ವ ಮನೆಗೆ ಬಂದು, ಕೈಗೆ ಬಟ್ಟೆ ಸುತ್ತಿಕೊಂಡು, ಬಡಿಯಲು ಕೂತಳು.

ರೊಟ್ಟಿ ಮಷಿನ್ ತರೋಣ ಎಂದೆ. ಹಿಟ್ಟಿನ ಉಂಡೆ ಇಟ್ಟರೆ ಅದೇ ಒತ್ತಿ ರೊಟ್ಟಿ ಮಾಡಿ ಹೊರಗೆ ಹಾಕುತ್ತದೆ. ಬೆಲೆ ಕೇಳಿದ ಅವ್ವ ಕೈಯ ನೋವನ್ನೇ ಮರೆತಳು.

"ಅಷ್ಟು ರೊಕ್ಕದ ಸಾಮಾನು ಅಡಗಿಮನ್ಯಾಗ ಯಾರಿಗರೆ ಉಪಯೋಗ ಆಗೈತೇನು? ಒಂದರೆ ತೋರ್ಸು. ಆಮ್ಯಾಲ ಮಾತಾಡೋಣು."

ಷರತ್ತು ನ್ಯಾಯವಾಗಿತ್ತು. ಉದಾಹರಣೆ ಹುಡುಕಲು ಹೊರಟೆ.

ಭಜಿ ಎಲ್ಲಿ

ಲಿಂಗಸುಗೂರಿನಲ್ಲಿ ನನ್ನ ಸೋದರತ್ತೆ ಇದ್ದಾಳೆ. ಮಾಮನಿಗೆ ಕೊಲೆಸ್ಟ್ರಾಲ್ ಎಂದು ಗೊತ್ತಾದ ವಾರವೇ ಅತ್ತೆ ಏರ್ ಫ್ರೈಯರ್ ತರಿಸಿದ್ದಳು. ಎಣ್ಣೆ ಬೇಡ, ಬಿಸಿ ಗಾಳಿಯಲ್ಲೇ ಕರಿಯುತ್ತದೆ. ಒಂದು ಭಾನುವಾರ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ಸಂಜೆ ಒಗ್ಗರಣೆ ಮಂಡಕ್ಕಿಯ ಜೊತೆ ಮಿರ್ಚಿ ಭಜಿ ಮಾಡುವುದೆಂದು ತೀರ್ಮಾನವಾಯಿತು. ಅತ್ತೆ ಹಸಿ ಮೆಣಸಿನಕಾಯಿಗಳನ್ನು ಕಡಲೆಹಿಟ್ಟಿನಲ್ಲಿ ಅದ್ದಿ, ಪೆಟ್ಟಿಗೆಯ ಜಾಲರಿಯ ಮೇಲೆ ಸಾಲಾಗಿ ಮಲಗಿಸಿ, ಗುಂಡಿ ಒತ್ತಿದಳು. ನಾವೆಲ್ಲ ಪೆಟ್ಟಿಗೆಯ ಮುಂದೆ ಕೂತೆವು. ಅದು ಗುಂಯ್ ಎಂದು ತಿರುಗಿ, ಗಂಟೆ ಬಾರಿಸಿ ನಿಂತಿತು.

ತೆಗೆದು ನೋಡಿದರೆ ಜಾಲರಿಯ ಮೇಲೆ ಬರೀ ಮೆಣಸಿನಕಾಯಿಗಳಿದ್ದವು. ಮೈಮೇಲೆ ಏನೂ ಇರಲಿಲ್ಲ. ಸುಕ್ಕುಗಟ್ಟಿದ್ದವು.

ಮಾಮ ಬಗ್ಗಿ ನೋಡಿದ. "ಮೆಣಸಿನಕಾಯಿ ಬಂತು. ಭಜಿ ಯಾವಾಗ ಬರ್ತೈತಿ?"

ಅತ್ತೆ ಜಾಲರಿ ಎತ್ತಿದಳು. ಸೋರಿದ ಕಡಲೆಹಿಟ್ಟು ಕೆಳಗಿನ ತಟ್ಟೆಯಲ್ಲಿ ಒಂದೇ ಹಾಳೆಯಾಗಿ ಬೆಂದಿತ್ತು.

"ಇಲ್ಲಿ ಐತಿ ನೋಡ್ರಿ. ಎರಡೂ ಕೂಡಿಸಿ ತಿನ್ರಿ," ಎಂದಳು.

ಸೋಲೊಪ್ಪಲು ಮನಸ್ಸಿಲ್ಲದೆ ಅತ್ತೆ ಮೆತ್ತಗಾಗಿದ್ದ ಮಂಡಕ್ಕಿಯನ್ನು ಗರಿಗರಿ ಮಾಡಲು ಅದರೊಳಗೆ ಸುರಿದಳು. ಫ್ಯಾನಿನ ಗಾಳಿಗೆ ಮಂಡಕ್ಕಿ ಮೇಲೆದ್ದು ಒಳಗೆ ಕೆಂಪಗೆ ಕಾದ ಕಾಯಿಲ್‌ಗೆ ಅಂಟಿಕೊಂಡಿತು. ಮನೆ ತುಂಬ ಸುಟ್ಟ ವಾಸನೆ. ಮಾಮ ಸುಮ್ಮನೆ ಚಪ್ಪಲಿ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಬಂಡಿಗೆ ಹೋಗಿ, ಎಣ್ಣೆ ಸೋರುವ ಮಿರ್ಚಿ ಕಟ್ಟಿಸಿಕೊಂಡು ಬಂದ.

ಆ ಪೆಟ್ಟಿಗೆ ಈಗಲೂ ದಿನಾ ಕೆಲಸ ಮಾಡುತ್ತದೆ. ಬಂಡಿಯಿಂದ ತಂದ ಮಿರ್ಚಿ ಆರದಂತೆ ಅದರಲ್ಲಿ ಇಡುತ್ತಾರೆ.

ನಿಂತ ಚಾಕು

ಮಿಲ್ಲಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳೆಯ ಸಿಂಧನೂರಿನ ಹತ್ತಿರ ನಿರಾಶ್ರಿತರಿಗಾಗಿ ಕಟ್ಟಿದ ಆರ್.ಎಚ್. ಕ್ಯಾಂಪಿನವನು, ಬಂಗಾಳಿ ಮನೆತನದವನು. ಅವನು ಆನ್‌ಲೈನಿನಲ್ಲಿ ಒಂದು ಭಾರಿ ಬೆಲೆಯ ಚಾಕು ತರಿಸಿದ್ದ. ಗಾಳಿಯಲ್ಲಿ ಹಿಡಿದ ಕಾಗದವನ್ನೂ ಅದು ಕೊಯ್ಯುತ್ತದೆ ಎಂದು ಲ್ಯಾಬಿಗೆ ತಂದು ತೋರಿಸಿದ. ನಿಜವಾಗಿಯೂ ಕೊಯ್ದಿತು. ಕಾಗದ ಆ ದಿನದ ಭತ್ತದ ರಿಪೋರ್ಟ್ ಆಗಿತ್ತು.

ಇದು ಒಳ್ಳೆಯ ಉದಾಹರಣೆ ಎನಿಸಿತು. ಅವನು ಊಟಕ್ಕೆ ಕರೆದಾಗ ಅವ್ವನನ್ನೂ ಕರೆದೊಯ್ದೆ.

"ಬರ್ರಿ, ಚಾಕು ನೋಡ್ರಿ," ಎಂದು ಗೆಳೆಯ ಅಡುಗೆಮನೆಯ ಡ್ರಾ ಎಳೆದ. ಚಾಕು ಇರಲಿಲ್ಲ. ಡಬ್ಬಿ ಇತ್ತು. ಹಿಡಿಕೆಯೂ ಇತ್ತು.

ಅವನ ತಾಯಿ ಹಿತ್ತಲಲ್ಲಿ ಕೂತು ಮೀನು ಕೊಯ್ಯುತ್ತಿದ್ದರು. ಅವರ ಕಡೆ ಚಾಕು ಕೈಯಲ್ಲಿ ಹಿಡಿದು ಕೊಯ್ಯುವ ಪದ್ಧತಿ ಇಲ್ಲ. ನಮ್ಮ ಈಳಿಗೆಯ ಹಾಗೆ ನೆಲದ ಮೇಲೆ ನಿಲ್ಲಿಸಿದ ಅಲಗು ಇರುತ್ತದೆ, ಹಲಗೆಯನ್ನು ಕಾಲಲ್ಲಿ ಅದುಮಿಕೊಂಡು ಕೂತು, ಮೀನನ್ನೇ ಅಲಗಿಗೆ ಒಯ್ಯುತ್ತಾರೆ. ಗೆಳೆಯನ ಚಾಕು ಒಂದು ಹಲಗೆಗೆ ಬೋಲ್ಟು ಬಿಗಿಸಿಕೊಂಡು ಮೇಲ್ಮುಖವಾಗಿ ನಿಂತಿತ್ತು.

ಗೆಳೆಯ ಡ್ರಾದಲ್ಲಿದ್ದ ಹಿಡಿಕೆ ತಂದು ಅಲಗಿನ ಪಕ್ಕ ಹಿಡಿದು ನೋಡಿದ.

ಅವನ ತಾಯಿ ನನ್ನ ಅವ್ವನ ಕಡೆ ತಿರುಗಿ, "ಭಾಳ ಛಲೋ ಚಾಕು ಐತಿ ದೀದಿ. ಪಾಪ, ಡಬ್ಬ್ಯಾಗ ಮಲ್ಕೊಂಡಿತ್ತು. ಬಡಿಗ್ಯಾರ ಕಡೆ ಒಯ್ದು ನಿಂದ್ರಿಸೀನಿ," ಎಂದರು.

ಅದನ್ನು ತೊಳೆದು ಅವ್ವನಿಗೂ ಕೊಟ್ಟರು. ಅವ್ವ ಒಂದು ಬದನೆಕಾಯಿ ಕೊಯ್ದಳು. ಇನ್ನೊಂದು ಕೊಯ್ದಳು. ಅಡುಗೆಗೆ ಬೇಡವಾದದ್ದನ್ನೂ ಕೊಯ್ದಳು. ಮುಖ ಅರಳಿತ್ತು.

ಬಸ್ಸಿನಲ್ಲಿ ನಾನು, "ನೋಡಿದ್ಯಲ್ಲ, ದುಬಾರಿ ಸಾಮಾನು ಉಪಯೋಗ ಆಗೈತಿ," ಎಂದೆ.

"ಚಾಕು ಎಲ್ಲಿ ಉಪಯೋಗ ಆತು? ಉಪಯೋಗ ಆಗಿದ್ದು ಈಳಗಿ," ಎಂದಳು ಅವ್ವ.

ಮೂವತ್ಮೂರು ಡಿಗ್ರಿ

ಬೇಸಿಗೆಯಲ್ಲಿ ಅವ್ವನಿಗೂ ಎದುರುಮನೆಯ ಅಕ್ಕನಿಗೂ ಹಂಚಿನ ವಿಷಯಕ್ಕೆ ಜಗಳ ಶುರುವಾಯಿತು. ಹಂಚು ಕಾದಿಲ್ಲ ಎಂದು ಅವ್ವ, ಹೆಚ್ಚು ಕಾದಿದೆ ಎಂದು ಅಕ್ಕ. ಜಗಳ ತೀರಿಸಲು ನಾನು ಉಷ್ಣತೆ ಅಳೆಯುವ ಗನ್ ತಂದೆ. ಮುಟ್ಟಬೇಕಾಗಿಲ್ಲ. ದೂರದಿಂದ ಗುರಿ ಇಟ್ಟು ಒತ್ತಿದರೆ ಹಂಚಿನ ಬಿಸಿ ತೋರಿಸುತ್ತದೆ.

ಮೊದಲ ದಿನ ಹಂಚಿಗೆ ಗುರಿ ಇಡುತ್ತಿದ್ದಾಗ ನಮ್ಮ ಓಣಿಯ ಕಾಕಾ ಬಂದರು. ರಿಟೈರ್ ಆದ ಬಸ್ ಕಂಡಕ್ಟರ್. ದಿನಾ ರೊಟ್ಟಿ ಒಯ್ಯುವ ಗಿರಾಕಿ. ಕೊರೊನಾ ಕಾಲದಲ್ಲಿ ಎಲ್ಲ ಬಾಗಿಲುಗಳಲ್ಲೂ ಈ ಗನ್ ನೋಡಿದ್ದರು. ನನ್ನ ಕೈಯಲ್ಲಿ ಅದನ್ನು ಕಂಡದ್ದೇ ಟೊಪ್ಪಿಗೆ ತೆಗೆದು, ಕಣ್ಣು ಮುಚ್ಚಿ, ಹಣೆ ಒಡ್ಡಿ ನಿಂತರು.

ಹಿರಿಯರು. ಇಲ್ಲ ಎನ್ನಲು ಆಗಲಿಲ್ಲ. ಒತ್ತಿದೆ.

"ಎಷ್ಟು ಬಂತು?"

"ಮೂವತ್ಮೂರು."

ಕಾಕಾ ಕಟ್ಟೆಯ ಮೇಲೆ ಕುಸಿದು ಕೂತರು. "ತೊಂಬತ್ತೆಂಟು ಇರಬೇಕಲ್ಲೋ! ಮೂವತ್ಮೂರಕ್ಕ ಮನುಷ್ಯಾ ಇರ್ತಾನೇನು?"

ಇದು ಸೆಲ್ಸಿಯಸ್, ಅದು ಫ್ಯಾರನ್‌ಹೀಟ್, ಇದು ಚರ್ಮದ ಮೇಲಿನ ಬಿಸಿ, ಅಲ್ಲದೆ ಈ ಗನ್ ಹಂಚಿಗೆ ಮಾಡಿದ್ದು ಎಂದು ವಿವರಿಸಿದೆ. ಕಾಕಾ ಮೊದಲ ವಾಕ್ಯಕ್ಕೇ ಎದ್ದು ಮನೆಗೆ ಹೋಗಿದ್ದರು. ಏಪ್ರಿಲ್ ತಿಂಗಳ ಮಸ್ಕಿಯಲ್ಲಿ, ಮಧ್ಯಾಹ್ನದ ಹೊತ್ತು, ಕಂಬಳಿ ಹೊದ್ದು, ಶುಂಠಿ ಕಷಾಯ ಕುಡಿಯುತ್ತ ಕೂತರು. ಫ್ಯಾನ್ ಹಾಕಲು ಬಿಡಲಿಲ್ಲ.

ಸಂಜೆ ಅವರ ಮನೆಯವರೇ ಬಂದು ನನ್ನನ್ನು ಗನ್ನಿನ ಸಮೇತ ಕರೆದೊಯ್ದರು. ಮತ್ತೆ ಅಳೆದೆ. ಮೂವತ್ತೆಂಟು ತೋರಿಸಿತು. ಈಗ ನಿಜವಾಗಿಯೂ ಮೈ ಸುಡುತ್ತಿತ್ತು.

"ಐದು ಏರೈತಿ," ಎಂದರು ಕಾಕಾ ಸಮಾಧಾನದಿಂದ. "ಗುಣ ಆಗಾಕತ್ತೈತಿ."

ಅವ್ವ ಆ ಗನ್ನನ್ನು ಕಪಾಟಿನ ತುದಿಗೆ ಇಟ್ಟಳು. ಹಂಚಿನ ಜಗಳ ಹಾಗೇ ಉಳಿಯಿತು.

ಗುಂಡಗಾದ ತಪ್ಪು

ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹಿಟ್ಟಿನ ಬೋಗುಣಿ ಅವ್ವನ ಕೈಯಿಂದ ಜಾರಿ ಬಿತ್ತು. ಅವ್ವ ಎಡಗೈಯಿಂದ ಹಿಟ್ಟು ಬಳಿದು ತೆಗೆದಳು. ರಾತ್ರಿ ಊಟಕ್ಕೆ ಕೂತಾಗ, "ಆ ಮಷಿನ್ ನೋಡಿ ಬರೋಣು. ತರಾಕಲ್ಲ. ನೋಡಾಕ," ಎಂದಳು.

ಸಿಂಧನೂರಿನ ಅಂಗಡಿಗೆ ಹೋದೆವು. ಅವ್ವ ಮನೆಯಿಂದಲೇ ಜೋಳದ ಹಿಟ್ಟು ತಂದಿದ್ದಳು. ನೀರೂ ತಂದಿದ್ದಳು. ಅಂಗಡಿಯವನು ತನ್ನ ಹಿಟ್ಟಿನಲ್ಲಿ ತೋರಿಸುತ್ತೇನೆ ಎಂದ. "ನಿನ್ನ ಹಿಟ್ಟು ನಿನ್ನ ಮಷಿನ್ನಿನ ಮಾತು ಕೇಳ್ತೈತಿ. ನನ್ನ ಹಿಟ್ಟು ಕೇಳ್ತೈತೇನು ನೋಡೋಣು," ಎಂದು ಅವ್ವ ಅಲ್ಲೇ ನೆಲದ ಮೇಲೆ ಕೂತು ನಾದಿದಳು.

ಉಂಡೆ ಒಳಗೆ ಹೋಯಿತು. ರೊಟ್ಟಿ ಹೊರಗೆ ಬಂತು. ಅವ್ವ ಅದನ್ನು ಅಂಗೈ ಮೇಲೆ ಹರಡಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು. ತೆಳ್ಳಗಿತ್ತು. ಅಂಚು ಒಡೆದಿರಲಿಲ್ಲ. ಆದರೂ ಹುಬ್ಬು ಗಂಟಾಯಿತು.

"ಏನಾತ್ರಿ ಅಮ್ಮಾರ?" ಅಂಗಡಿಯವನಿಗೆ ಆತಂಕ.

"ಭಾಳ ಗುಂಡಗ ಐತಿ."

"ಹೌದ್ರಿ, ಅದಕ್ಕೇ ಅಲ್ಲೇನ್ರಿ ಮಷಿನ್!"

"ಇಷ್ಟು ಗುಂಡಗ ಇದ್ರ ಇದು ರೊಟ್ಟಿ ಅಂತ ಯಾರೂ ನಂಬಂಗಿಲ್ಲ. ಒಂಚೂರು ಸೊಟ್ಟ ಬರಂಗ ಮಾಡಾಕ ಆಗ್ತೈತೇನು?"

ಅಂಗಡಿಯವನು ಕ್ಯಾಟಲಾಗ್ ತಿರುವಿ ಹಾಕಿದ. ಕಂಪನಿಯ ನಂಬರಿಗೆ ಫೋನೂ ಮಾಡಿದ. ಸೊಟ್ಟ ಮಾಡುವ ಭಾಗ ಯಾವ ಮಾಡೆಲ್‌ಗೂ ಇರಲಿಲ್ಲ.

ಅದೊಂದು ಕೊರತೆಯ ಸಮೇತ ಮಷಿನ್ ಮನೆಗೆ ಬಂತು.

ಸಪ್ಪಳ

ರೊಟ್ಟಿಯಿಂದ ಕೂಡಿಟ್ಟದ್ದೆಲ್ಲ ಅದಕ್ಕೇ ಹೋಗಿತ್ತು. ಅದು ನಡೆಯದಿದ್ದರೆ ಅವ್ವ ಮತ್ತೆ ಬಡಿಯಬೇಕು, ಇಲ್ಲವೇ ಪಡಸಾಲೆಯ ಬಾಗಿಲು ಮುಚ್ಚಬೇಕು. ಅದಕ್ಕೆ ನಾನು ಮಿಲ್ಲಿಗೆ ರಜೆ ಹಾಕಿ ನಿಂತೆ.

ಮಷಿನ್ ಚೆನ್ನಾಗಿ ನಡೆಯಿತು. ಅಕ್ಕ ಸುಟ್ಟು ಸುಟ್ಟು ಗುಡ್ಡೆ ಹಾಕಿದಳು. ಖಾನಾವಳಿಯವರು ಎಣಿಸಿಕೊಂಡು ಒಯ್ದರು. ಓಣಿಯ ಗಿರಾಕಿಗಳು ಮಾತ್ರ ಬರಲಿಲ್ಲ. ನಾನು ಬಾಗಿಲಲ್ಲಿ ನಿಂತು ಗಮನಿಸಿದೆ. ಜನ ಓಣಿಯ ತಿರುವಿನ ತನಕ ಬರುತ್ತಿದ್ದರು, ಅಲ್ಲೇ ನಿಂತು ಕಿವಿಗೊಡುತ್ತಿದ್ದರು, ಹೊರಳಿ ಹೋಗುತ್ತಿದ್ದರು.

ಆಗ ತಿಳಿಯಿತು. ಅವ್ವ ಮರದ ಕೊಮ್ಮಣಿಗೆಯ ಮೇಲೆ ರೊಟ್ಟಿ ಬಡಿಯುವ ಸಪ್ಪಳ ತಿರುವಿನ ತನಕ ಕೇಳುತ್ತದೆ. ಸಪ್ಪಳ ಇದ್ದರೆ ರೊಟ್ಟಿ ಇದೆ. ಇಲ್ಲದಿದ್ದರೆ ಇಲ್ಲ. ಇಷ್ಟು ವರ್ಷ ಅದೇ ನಮ್ಮ ಬೋರ್ಡು.

ಸಂಜೆ ಕಾಕಾ ಬಂದರು. ಕೈಯಲ್ಲಿ ಬ್ರೆಡ್ಡು, ಬಾಳೆಹಣ್ಣು. "ತಂಗಿಗೆ ಆರಾಮಿಲ್ಲಂತಲ್ಲ. ಯಾವ ದವಾಖಾನ್ಯಾಗ ಇಟ್ಟೀರಿ?"

ಅವ್ವ ಒಳಗಿಂದ ಬಂದು, "ಇಲ್ಲೇ ಅದೀನ್ರಿ ಅಣ್ಣಾರ. ರೊಟ್ಟಿ ಒಯ್ರಿ," ಎಂದಳು.

"ನೀ ಮೊದಲ ಆರಾಮಾಗು," ಎಂದು ಬ್ರೆಡ್ಡು ಇಟ್ಟು ಹೋದರು.

ಮರುದಿನ 'ರೊಟ್ಟಿ ಸಿಗುತ್ತವೆ' ಎಂದು ಬೋರ್ಡು ಬರೆಸಿದೆ. ಜನ ಬೋರ್ಡು ಓದಿದರು, ಕಿವಿಗೊಟ್ಟರು, ಹೋದರು.

ನಾನು ಹಳೆಯ ವಿಡಿಯೊ ಒಂದರಿಂದ ಅವ್ವ ಬಡಿಯುವ ಸಪ್ಪಳ ತೆಗೆದು ಸ್ಪೀಕರಿನಲ್ಲಿ ಹಚ್ಚಿದೆ. ಕೂಡಲೇ ಗಿರಾಕಿಗಳು ಬಂದರು. ಎರಡು ದಿನ ಒಳ್ಳೆಯ ವ್ಯಾಪಾರ. ಮೂರನೆಯ ದಿನ ಸಂತೆ. ಕಾಕಾ ಏದುಸಿರು ಬಿಡುತ್ತ ಬಂದರು.

"ಲೇ ತಮ್ಮಾ, ನಿಮ್ಮವ್ವ ಸಂತ್ಯಾಗ ಉಳ್ಳಾಗಡ್ಡಿ ಆರಿಸಾಕತ್ತಾಳ. ಈಗ ಮಾತಾಡಿಸಿ ಬಂದೆ. ಮತ್ತ ಒಳಗ ಬಡಿಯಾಕತ್ತಿದ್ದು ಯಾರು?"

ಸ್ಪೀಕರೂ ಕಪಾಟಿನ ತುದಿಗೆ ಹೋಯಿತು.

ಕೊನೆಗೆ ದಾರಿ ತೆಗೆದವಳು ಅವ್ವ. ಬಾಗಿಲ ಹತ್ತಿರ ಕೊಮ್ಮಣಿಗೆ ಇಟ್ಟುಕೊಂಡು, ಒಂದೇ ಒಂದು ಉಂಡೆ ಹಿಡಿದು, ಎಡಗೈಯಿಂದ ಹಗುರಾಗಿ ಬಡಿಯುತ್ತ ಕೂತಳು. ರೊಟ್ಟಿಯಾದ ಮೇಲೆ ಮುದ್ದೆ ಮಾಡಿ, ಒಣಹಿಟ್ಟು ಉದುರಿಸಿ, ಅದನ್ನೇ ಮತ್ತೆ ಬಡಿದಳು. ಬಲಗೈ ತೊಡೆಯ ಮೇಲೆ ವಿಶ್ರಾಂತಿಯಲ್ಲಿತ್ತು. ಒಳಗೆ ಮಷಿನ್ ಓಡುತ್ತಿತ್ತು. ಕೇಳಿದವರಿಗೆಲ್ಲ, "ಮಷಿನ್ ರೊಟ್ಟಿ ಅದಾವ್ರಿ," ಎಂದು ಅವ್ವ ಬಾಯಿಬಿಟ್ಟು ಹೇಳುತ್ತಿದ್ದಳು. ಅವರು ಸಪ್ಪಳ ಕೇಳುತ್ತ, ತಲೆಯಾಡಿಸಿ, ರೊಟ್ಟಿ ಒಯ್ಯುತ್ತಿದ್ದರು.

ಕಾಕಾ ಒಬ್ಬರು ಮಾತ್ರ ಒಪ್ಪಲಿಲ್ಲ. "ಮಷಿನ್ದು ನನಗ ಬ್ಯಾಡ. ನಿನ್ನ ಕೈಯಾಗ ಐತಲ್ಲ, ಅದನ್ನ ಕೊಡು."

"ಇದು ಬ್ಯಾಡ್ರಿ ಅಣ್ಣಾರ. ಮುಂಜಾನೆಯಿಂದ ಇದನ್ನ ಬಡಿಯಾಕತ್ತೀನಿ."

"ಅದಕ್ಕೇ ಕೇಳಾಕತ್ತೀನಿ. ಅಷ್ಟು ಬಡಿದಿದ್ದು ಇನ್ನೆಷ್ಟು ರುಚಿ ಇರಬೇಕು!"

ಅಕ್ಕ ಅದನ್ನು ಸುಟ್ಟುಕೊಟ್ಟಳು. ಕಾಕಾ ಅದನ್ನು ಪಂಚೆಯಲ್ಲಿ ಮುಚ್ಚಿಕೊಂಡು, ಬೇರೆಯವರಿಗೆ ಕಾಣದಂತೆ ಒಯ್ದರು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ನಿಂತರು. ದವಡೆ ಒತ್ತಿ ಹಿಡಿದಿದ್ದರು.

"ತಂಗೀ, ಇವತ್ತ ಮಷಿನ್ದೇ ಕೊಡು," ಎಂದರು. ಅವ್ವ ಕೊಮ್ಮಣಿಗೆ ಬದಿಗೆ ಸರಿಸಿ ಏಳಲು ಹೊರಟಾಗ ಗಾಬರಿಯಾದರು. "ನೀ ಏಳಬ್ಯಾಡ, ಬಡಿ ಬಡಿ. ಸಪ್ಪಳ ಇಲ್ಲಂದ್ರ ಮಷಿನ್ ರೊಟ್ಟಿಗೆ ರುಚಿ ಬರಂಗಿಲ್ಲ."

ದೀಪಾವಳಿಯ ಹೊತ್ತಿಗೆ ಅವ್ವನ ಮಣಿಕಟ್ಟಿನ ಊತ ಇಳಿದಿತ್ತು. ಹಬ್ಬದ ಹಿಂದಿನ ದಿನ ಓಣಿಗೆ ಹೋದ ರೊಟ್ಟಿ ಮುನ್ನೂರ ನಲವತ್ತು. ಅವ್ವ ಬಡಿದದ್ದು ಒಂದು.